ಇನ್ನೂರ ಇಪ್ಪತ್ತಾರು ಪರ್ಸೆಂಟಿನ ತುಂಬೆ

ನಾನು ಹುಟ್ಟಿದ ದಿನ ನಮ್ಮೂರಿನ ಪುರಸಭೆ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ‘ತುಂಬೆ’ ಎಂದು ಬರೆದಿತ್ತು. ಹಾಗಾಗಿ ನಾನು ತುಂಬೆ. ಅವತ್ತು ಊರಲ್ಲಿ ಹುಟ್ಟಿದ ಐದೂ ಮಕ್ಕಳು ತುಂಬೆಯೇ. ಗಂಡು ಹೆಣ್ಣು ಎಂದು ಹಲಗೆ ನೋಡುವುದಿಲ್ಲ. ಹಿಂದಿನ ದಿನ ಹುಟ್ಟಿದವರು ಕದಿರು, ಮಾರನೇ ದಿನದವರು ಒರಳು. ನನ್ನಮ್ಮ ಇನ್ನೊಂದು ದಿನ ತಡೆದಿದ್ದರೆ ನಾನು ಒರಳಾಗುತ್ತಿದ್ದೆ. ತನಗೆ ಬೇಗ ಹೆರಿಗೆಯಾದದ್ದನ್ನು ಆಕೆ ನನಗೆ ಮಾಡಿದ ಉಪಕಾರವೆಂದೇ ಕೊನೆಯವರೆಗೂ ಹೇಳುತ್ತಿದ್ದಳು.

ಇದರಿಂದ ಊರಲ್ಲಿ ಯಾರಿಗೂ ತೊಂದರೆಯಾದದ್ದಿಲ್ಲ. ಸ್ವಲ್ಪ ದೊಡ್ಡವರಾಗುತ್ತಿದ್ದಂತೆ ಜನರೇ ಹೆಸರಿನ ಮುಂದೆ ಒಂದು ಗುರುತು ಸೇರಿಸಿಬಿಡುತ್ತಾರೆ. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಕಪಾಟಿನಲ್ಲಿಡುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ, ಹಾಗಾಗಿ ನಾನು ಅಂಟು ತುಂಬೆ. ನನ್ನ ದಿನದವನೇ ಆದ ಇನ್ನೊಬ್ಬ ಕರೆಂಟಿನ ಲೈನ್‌ಮನ್; ಅವನು ಕಂಬದ ತುಂಬೆ. ಮತ್ತೊಬ್ಬಳು ಶಿಶುವಿಹಾರದ ಟೀಚರು. ಅವಳು ಪಾಟಿ ತುಂಬೆ. ಉಳಿದಿಬ್ಬರು ಊರು ಬಿಟ್ಟು ಎಷ್ಟೋ ವರ್ಷವಾಯಿತು. ಒಂದೇ ದಿನದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ತನ್ನನ್ನು ತಾನೇ ಕೂಗಿಕೊಂಡ ಹಾಗಾಗುತ್ತದೆ. ‘ಜತೆ’ ಅನ್ನುತ್ತೇವೆ. ಜತೆಯ ಮನೆಯ ಮದುವೆಗೆ ಹೋಗದಿದ್ದರೆ ನಮ್ಮೂರಲ್ಲಿ ಮುಖ ತೋರಿಸುವ ಹಾಗಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಮೂರು ವಿಭಾಗಗಳಿದ್ದವು, ಎಂ.ಎ., ಎಂ.ಎಸ್ಸಿ.ಗೆ ಸೇರಿಸಿಕೊಳ್ಳುವ ರೀತಿಯೂ ಇಪ್ಪತ್ತಮೂರು. ತತ್ವಶಾಸ್ತ್ರದವರು ಬಂದವರನ್ನು ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕೂರಿಸಿ, ಯಾಕೆ ಕೂರಿಸಿದಿರಿ ಎಂದು ಕೇಳಿದವರಿಗೆ ಮಾತ್ರ ಸೀಟು ಕೊಡುತ್ತಿದ್ದರು. ರಸಾಯನಶಾಸ್ತ್ರದವರು ಆಸಿಡ್ ಕಲೆ ಇದೆಯೇ ಎಂದು ಕೈಬೆರಳು ನೋಡುತ್ತಿದ್ದರು. ಚರಿತ್ರೆ ವಿಭಾಗದವರು ಯಾರ ಮಗ, ಯಾರ ಅಳಿಯ ಎಂದು ನೋಡುತ್ತಿದ್ದರು. ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ. ನಮ್ಮ ಸಸ್ಯಶಾಸ್ತ್ರದ ಮುಖ್ಯಸ್ಥೆ ಇಬ್ಬನಿ ಮೇಡಂ ಅಭ್ಯರ್ಥಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಾಲ ಬಳಿ ಇರುವ ಯಾವುದೋ ಕಳೆ ತೋರಿಸಿ, ಇದರ ಬಗ್ಗೆ ಏನಾದರೂ ಹೇಳು ಅನ್ನುತ್ತಿದ್ದರು. ಹೆಸರು ಹೇಳಿದವರಿಗಿಂತ ಕೆಳಗೆ ಕೂತು ನೋಡಿದವರೇ ಅವರಿಗೆ ಇಷ್ಟ.

ಸಂಜೆ ಕಾಲೇಜಿನಲ್ಲಿ ಆರು ವರ್ಷ ಎಳೆದಾಡಿ ನಾನು ಬಿ.ಎಸ್ಸಿ. ಮುಗಿಸಿದ್ದೆ. ಎಪ್ಪತ್ತೊಂದು ಪಾಯಿಂಟ್ ಎರಡು ಪರ್ಸೆಂಟ್. ಆ ವರ್ಷ ಮೇಡಂ ನನ್ನ ಮೇಜಿನ ಹತ್ತಿರ ಬಂದು, “ಎಷ್ಟು ದಿನ ಅಂತ ಬೇರೆಯವರು ತಂದ ಗಿಡ ಅಂಟಿಸ್ತೀಯೇ? ಈ ಸಲ ಎಂ.ಎಸ್ಸಿ.ಗೆ ಅರ್ಜಿ ಹಾಕು. ಹಿತ್ತಲಿಗೆ ಕರ್ಕೊಂಡು ಹೋಗೋಳು ನಾನೇ ತಾನೆ?” ಅಂದರು. ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಶಾಲೆ ಹುಡುಗಿಯ ಹಾಗೆ ಹೊಸ ನೋಟ್‌ಪುಸ್ತಕ ಕೊಂಡುಕೊಂಡೆ.

ಅದೇ ವರ್ಷ ಹೊಸ ಕುಲಪತಿ ಬಂದರು. ಪ್ರೊಫೆಸರ್ ರುದ್ರಪ್ರಸನ್ನ, ಹೊರಗಿನವರು. ಇಪ್ಪತ್ತಮೂರು ಬಾಗಿಲು ಮುಚ್ಚಿ ಒಂದು ಬಾಗಿಲು ತೆರೆಯುತ್ತೇನೆ ಎಂದು ಮೊದಲ ಭಾಷಣದಲ್ಲೇ ಹೇಳಿದರು. ಆ ಬಾಗಿಲಿನ ಹೆಸರು ‘ಏಕದ್ವಾರ’. ಎಲ್ಲ ವಿಭಾಗಗಳ ಅರ್ಜಿಯನ್ನೂ ಒಂದೇ ಕಡೆ ತೆಗೆದುಕೊಂಡು, ತಾನೇ ಅಳೆದು, ತಾನೇ ಸೀಟು ಹಂಚುವ ಸಾಫ್ಟ್‌ವೇರು. ಉದ್ಘಾಟನೆಯ ದಿನ ಕಂಪ್ಯೂಟರಿಗೆ ರಿಬ್ಬನ್ ಕಟ್ಟಿದ್ದರು. ಕುಲಪತಿಗಳು ಕತ್ತರಿಸುವಾಗ ರಿಬ್ಬನ್ ಜೊತೆ ಒಂದು ವೈರೂ ತುಂಡಾಯಿತು. ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಸಲ ಉದ್ಘಾಟನೆ ಮಾಡಬೇಕಾಯಿತು. ಎರಡನೇ ಸಲವೂ ನಾವು ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದೆವು.

ಅದನ್ನು ತಂದುಕೊಟ್ಟ ಕಂಪನಿಯ ಇಂಜಿನಿಯರು ಮಾಚಯ್ಯ ಎಂಬ ಲವಲವಿಕೆಯ ಮನುಷ್ಯ. ನಮಗೆಲ್ಲ ಮೂರು ದಿನ ತರಬೇತಿ ಕೊಟ್ಟ. ಎರಡನೇ ದಿನ ನಾನು ಎದ್ದು ನಿಂತು, “ಸರ್, ನಮ್ಮೂರಲ್ಲಿ ಒಂದು ದಿನ ಹುಟ್ಟಿದವರಿಗೆಲ್ಲ ಒಂದೇ ಹೆಸರು. ಫಾರಂನಲ್ಲಿ ಕರೆಯೋ ಹೆಸರು ಬರೆಯೋಕೆ ಜಾಗ ಬೇಕಾಗಿತ್ತು,” ಅಂದೆ.

“ಹೆಸರು ಒಂದೇ ಆದ್ರೆ ಏನಂತೆ ಮೇಡಂ, ಹುಟ್ಟಿದ ತಾರೀಕು ನೋಡುತ್ತೆ,” ಅಂದ ಆತ.

“ತಾರೀಕೂ ಒಂದೇ ಸರ್. ಅದನ್ನೇ ಹೇಳ್ತಿರೋದು.”

“ಹೆಸರೂ ತಾರೀಕೂ ಎರಡೂ ಒಂದೇ ಆದ್ರೆ ಅದು ಡೂಪ್ಲಿಕೇಟ್. ಒಬ್ಬರೇ ಎರಡು ಸಲ ಅರ್ಜಿ ಹಾಕಿದ್ದಾರೆ ಅಂತ. ಅದನ್ನೆಲ್ಲ ಸಿಸ್ಟಮ್ಮೇ ಸರಿ ಮಾಡ್ಕೊಳ್ಳುತ್ತೆ, ನೀವು ತಲೆ ಕೆಡಿಸ್ಕೋಬೇಡಿ.” ಹಿಂದೆ ಕೂತಿದ್ದ ನಲವತ್ತು ಗುಮಾಸ್ತರೂ ನಾವೂ ತಲೆ ಕೆಡಿಸಿಕೊಳ್ಳುವುದು ಬೇಡ ಎಂದು ತೀರ್ಮಾನಿಸಿ ಬಿಸ್ಕತ್ತು ತಿನ್ನಲು ಹೋದರು.

ಎರಡು ಸಾವಿರದ ನೂರ ನಲವತ್ತು ಜನ ಅರ್ಜಿ ಹಾಕಿದ್ದರು. ಏಕದ್ವಾರ ಸರಿಮಾಡಿಕೊಂಡ ಮೇಲೆ ಆರುನೂರ ಹನ್ನೊಂದು ಜನ ಉಳಿದರು. ಇದ್ದ ಸೀಟು ಒಂಬೈನೂರು. ಬೇಡಿಕೆಗಿಂತ ಸೀಟು ಹೆಚ್ಚಿರುವ ನಾಡಿನ ಏಕೈಕ ವಿಶ್ವವಿದ್ಯಾಲಯ ನಮ್ಮದು ಎಂದು ಕುಲಪತಿಗಳು ಪತ್ರಿಕೆಯವರಿಗೆ ಹೇಳಿದರು. ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಹೆಸರಿತ್ತು. ತುಂಬೆ, ಇನ್ನೂರ ಇಪ್ಪತ್ತಾರು ಪಾಯಿಂಟ್ ನಾಲ್ಕು ಪರ್ಸೆಂಟ್, ಪ್ರಥಮ ರ‍್ಯಾಂಕ್. ಕೊಟ್ಟ ಸೀಟು: ಎಂ.ಎ., ಶಾಸನಶಾಸ್ತ್ರ.

ನಾನು ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದೆ. ಶಾಸನಶಾಸ್ತ್ರ ಅಂದರೆ ಕಲ್ಲಿನ ಮೇಲಿನ ಹಳೇ ಅಕ್ಷರ ಓದುವುದು ಎಂಬುದರ ಆಚೆ ನನಗೇನೂ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂಬದ ತುಂಬೆ ಸೈಕಲ್ ತುಳಿದುಕೊಂಡು ನಮ್ಮ ವಿಭಾಗಕ್ಕೇ ಬಂದ. ಬೆಲ್ಟಿನಲ್ಲಿ ಇಕ್ಕಳ, ಟೆಸ್ಟರು ಇನ್ನೂ ನೇತಾಡುತ್ತಿದ್ದವು.

“ಜತೆ, ನಾನು ಕೇಳಿದ್ದ ಶಾಸನಶಾಸ್ತ್ರದ ಸೀಟೇ ಸಿಕ್ಕಿದೆ ಕಣೇ. ಆದರೆ ಅಷ್ಟು ಪರ್ಸೆಂಟ್ ನಂದಲ್ಲ. ನಂದು ಅರವತ್ತೆಂಟು ಪಾಯಿಂಟ್ ನಾಲ್ಕು,” ಅಂದ.

ಅವನ ಹಿಂದೆಯೇ ಪಾಟಿ ತುಂಬೆ ಬಂದಳು. ಗಣಿತಕ್ಕೆ ಅರ್ಜಿ ಹಾಕಿದ್ದವಳು, ಎಂಬತ್ತಾರು ಪಾಯಿಂಟ್ ಎಂಟು. ಅವಳಿಗೆ ಕೂಡಿಸಲು ಕಾಗದವೂ ಬೇಕಾಗಲಿಲ್ಲ. “ಮೂರೂ ಜನದ್ದು ಸೇರಿಸಿದ್ದಾರೆ. ನಮ್ಮನ್ನ ಒಬ್ಬರು ಮಾಡಿದ್ದಾರೆ. ಮೊದಲು ಅರ್ಜಿ ಹಾಕಿದವನು ನೀನು, ಅದಕ್ಕೇ ನಿನ್ನ ವಿಷಯ ಸಿಕ್ಕಿದೆ,” ಅಂದಳು.

ಇಬ್ಬನಿ ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನನ್ನ ಕೈಲಿ ಈಗ ಏನೂ ಇಲ್ಲ ಕಣೇ. ಹಿತ್ತಲಿನ ಬೀಗದ ಕೈ ಒಂದಿದೆ,” ಅಂದರು. ದೂರು ಕೊಡುವುದೂ ಏಕದ್ವಾರದಲ್ಲೇ. ಹೆಸರು ಮತ್ತು ಹುಟ್ಟಿದ ತಾರೀಕು ಕೊಟ್ಟರೆ ಒಳಗೆ ಬಿಡುತ್ತಿತ್ತು. ಮೂವರೂ ಬೇರೆ ಬೇರೆ ದೂರು ಬರೆದೆವು. ಒಬ್ಬರೇ ಮೂರು ಸಲ ದೂರಿದ್ದಾರೆಂದು ಅದನ್ನೂ ಒಂದು ಮಾಡಿತು. ನಮ್ಮ ಮೂರು ವಿಷಯಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ಮುಗಿಸಿಬಿಟ್ಟಿತು. ಊರಿನ ಉಳಿದವರ ದೂರುಗಳೂ ಹೀಗೇ ಮುಗಿದವು. ತಿಂಗಳ ಕೊನೆಗೆ ಬಾಕಿ ದೂರುಗಳ ಸಂಖ್ಯೆ ಸೊನ್ನೆ ಎಂಬ ಬ್ಯಾನರ್ ಮುಖ್ಯ ಗೇಟಿನಲ್ಲಿ ಕಟ್ಟಿದರು.

ಆಮೇಲೆ ಪ್ರಥಮ ರ‍್ಯಾಂಕಿನವರಿಗೆ ಸನ್ಮಾನ ಎಂದು ಆಮಂತ್ರಣ ಬಂತು. ಪಾಟಿ ತುಂಬೆ, “ಮೂರು ಜನಾನೂ ಹೋಗೋಣ. ಕಣ್ಣಾರೆ ನೋಡಿದ ಮೇಲಾದ್ರೂ ಎಣಿಸೋಕೆ ಬರುತ್ತಲ್ಲ,” ಅಂದಳು. ವೇದಿಕೆಯ ಮೇಲೆ ‘ತುಂಬೆ’ ಎಂದು ಕೂಗಿದಾಗ ಮೂವರೂ ಮೆಟ್ಟಿಲು ಹತ್ತಿದೆವು. ಕುಲಪತಿಗಳ ಕೈಯಲ್ಲಿ ಒಂದು ಶಾಲು, ಒಂದು ಹಾರ ಇತ್ತು. ಅವರು ನಮ್ಮನ್ನು ನೋಡಿದರು, ಮಾಚಯ್ಯನನ್ನು ನೋಡಿದರು. ಮಾಚಯ್ಯ ಮೊಬೈಲು ನೋಡಿ, “ಸರ್, ಸಿಸ್ಟಮ್ ಪ್ರಕಾರ ಒಬ್ಬರೇ,” ಅಂದ.

“ಇಲ್ಲಿ ಮೂವರು ನಿಂತಿದ್ದಾರಲ್ಲರೀ.”

“ನಿಂತಿದ್ದಾರೆ ಸರ್. ಆದ್ರೆ ಒಬ್ಬರೇ.”

ಫೋಟೋಗ್ರಾಫರು ಕಾಯುತ್ತಿದ್ದ. ಕುಲಪತಿಗಳು ಅನುಭವಸ್ಥರು. ನಮ್ಮನ್ನು ಒತ್ತೊತ್ತಾಗಿ ನಿಲ್ಲಿಸಿ ಮೂವರ ಹೆಗಲಿಗೂ ಸೇರುವಂತೆ ಶಾಲು ಹೊದಿಸಿದರು. ಹಾರ ನಡುವೆ ನಿಂತಿದ್ದ ಕಂಬದ ತುಂಬೆಯ ಕೊರಳಿಗೆ ಬಿತ್ತು. ಆಮೇಲೆ ಮೈಕಿನಲ್ಲಿ, ಕೇಂದ್ರೀಕರಣವಾದ ಮೊದಲ ವರ್ಷವೇ ಗುಣಮಟ್ಟ ನೂರು ದಾಟಿ ಇನ್ನೂರು ದಾಟಿದೆ ಎಂದರು. ಸಭೆಯಲ್ಲಿ ಗಣಿತದ ಪ್ರೊಫೆಸರು ಇಬ್ಬರಿದ್ದರು. ಅವರೂ ಚಪ್ಪಾಳೆ ತಟ್ಟಿದರು. ಪಾಟಿ ತುಂಬೆ ಅದನ್ನು ನೋಡಿದಳು. ಈ ವಿಶ್ವವಿದ್ಯಾಲಯದ ಗಣಿತ ತನಗೆ ಬೇಡ ಎಂದು ಅವಳಿಗೆ ಆಗಲೇ ಅನ್ನಿಸಿದ್ದಂತೆ.

ವಾರವಾದ ಮೇಲೆ ಆದೇಶ ಬಂತು. ದಾಖಲೆ ಬೇರ್ಪಡಿಸಲು ಅವಕಾಶವಿಲ್ಲ. ಆದರೆ ಪ್ರಥಮ ರ‍್ಯಾಂಕಿನ ಅಭ್ಯರ್ಥಿ ಬಯಸಿದಲ್ಲಿ ಒಂದು ಸಲ, ಒಂದೇ ಸಲ, ವಿಭಾಗ ಬದಲಿಸಬಹುದು. ನಾವು ಮೂವರೂ ಶಿಶುವಿಹಾರದಲ್ಲಿ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಮಾತಾಡಿದೆವು.

“ಇರೋದು ಒಂದು ಸೀಟು. ಯಾರಿಗೆ ಬೇಕು, ಈಗಲೇ ಬಾಯಿಬಿಟ್ಟು ಹೇಳಿಬಿಡೋಣ,” ಅಂದಳು ಪಾಟಿ ತುಂಬೆ. “ನಾನು ಬೇರೆ ಊರಿಗೆ ಅರ್ಜಿ ಹಾಕಿದ್ದೀನಿ. ನನಗೆ ಬೇಡ.”

ಕಂಬದ ತುಂಬೆ ತಲೆ ತಗ್ಗಿಸಿಕೊಂಡಿದ್ದ. “ನಾನು ಕಂಬ ಹತ್ತಿದಾಗ ಹೊಲದಲ್ಲಿ ಬಿದ್ದಿರೋ ಕಲ್ಲುಗಳೆಲ್ಲ ಕಾಣ್ತವೆ. ಇಳಿದು ಹೋಗಿ ನೋಡಿದ್ರೆ ಮೈತುಂಬ ಅಕ್ಷರ. ಹತ್ತು ವರ್ಷದಿಂದ ಒಬ್ಬನೇ ಓದೋಕೆ ನೋಡ್ತಿದ್ದೀನಿ. ಅರ್ಧ ಬರುತ್ತೆ, ಅರ್ಧ ಬರಲ್ಲ,” ಅಂದ. ಆಮೇಲೆ ನನ್ನ ಕಡೆ ತಿರುಗಿ, “ಆದ್ರೆ ನೀನು ಹದಿನಾಲ್ಕು ವರ್ಷ ಅಲ್ಲೇ ಇದ್ದೀಯಲ್ಲ ಜತೆ. ನಿನಗೆ ಬೇಕು ಅಂದ್ರೆ ಹೇಳು,” ಅಂದ.

ಅವನು ಕೇಳಿದ. ಅಲ್ಲೇ ಹೌದು ಅನ್ನಬಹುದಿತ್ತು. “ಛೆ, ಸೀಟು ನಿನ್ನ ವಿಷಯಕ್ಕೇ ಬಂದಿದೆ. ಯಾರೂ ಅದನ್ನ ಮುಟ್ಟೋದು ಬೇಡ,” ಎಂದು ಮೊದಲು ಹೇಳಿದವಳು ನಾನೇ. ಹಾಗೆ ಹೇಳಿದಾಗ ನನಗೆ ನನ್ನ ಮೇಲೆ ಬಹಳ ಗೌರವ ಬಂತು. ಅದು ಹನ್ನೆರಡು ದಿನ ಇತ್ತು.

ಹದಿಮೂರನೇ ದಿನ ನಮ್ಮ ವಿಭಾಗದಲ್ಲಿ ತರಗತಿ ಶುರುವಾಯಿತು. ಇಪ್ಪತ್ತು ಸೀಟಿಗೆ ಬಂದವರು ನಾಲ್ಕು ಜನ. ಒಬ್ಬಳು ವಾಣಿಜ್ಯ ಕೇಳಿದ್ದವಳು, ಬೆಳಗ್ಗಿನಿಂದ ಅಳುತ್ತಿದ್ದಳು. ಇನ್ನೊಬ್ಬ ಹೂವೇ ಬಿಡದ ಜರಿಗಿಡದ ಹಾಳೆ ಕೈಯಲ್ಲಿ ಹಿಡಿದು, ಇದಕ್ಕೆ ಹೂ ಯಾವಾಗ ಬಿಡುತ್ತೆ ಎಂದ. ನಾನು ಅಂಟಿಸಿದ ಹಾಳೆಗಳನ್ನು ನಾನೇ ಹೊತ್ತು ತಂದು ಅವರ ಮುಂದೆ ಹರಡಬೇಕು, ಆಮೇಲೆ ಬಾಗಿಲ ಹೊರಗೆ ನಿಲ್ಲಬೇಕು. ಹೊರಗೆ ನಿಂತು ಕೇಳಿಸಿಕೊಂಡೆ. ಮೇಡಂ ಕೇಳಿದ ಒಂದು ಪ್ರಶ್ನೆಗೂ ಯಾರೂ ಉತ್ತರ ಹೇಳಲಿಲ್ಲ. ಎಲ್ಲ ಉತ್ತರವೂ ನನಗೆ ಬರುತ್ತಿತ್ತು. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಆಫೀಸಿನ ಕಂಪ್ಯೂಟರಿನ ಮುಂದೆ ಕೂತು ಹೆಸರು ಹಾಕಿದೆ, ತಾರೀಕು ಹಾಕಿದೆ. ಬದಲಾವಣೆ ಖಚಿತವೇ ಎಂದು ಕೇಳಿತು. ಖಚಿತ ಎಂದು ಒತ್ತಿದೆ. ನನ್ನ ಬುತ್ತಿ ಇನ್ನೂ ಬಿಸಿಯಾಗಿತ್ತು, ಹೋಗಿ ಊಟ ಮಾಡಿದೆ.

ಕಂಬದ ತುಂಬೆಗೆ ಆ ವಾರವೇ ಗೊತ್ತಾಯಿತು. ಹಾಜರಿ ಪಟ್ಟಿಯಿಂದ ಅವನ ಹೆಸರು ಹೋಗಿತ್ತು. ಅವನು ನನ್ನ ಹತ್ತಿರ ಬಂದು, “ಏನು ದರಿದ್ರ ಸಾಫ್ಟ್‌ವೇರೋ! ತಾನಾಗೇ ಸೀಟು ಬದಲಾಯಿಸಿಬಿಟ್ಟಿದೆ. ಹೋಗಲಿ, ನಿನ್ನ ವಿಷಯಕ್ಕಾದ್ರೂ ಬಂತಲ್ಲ,” ಅಂದ. ಊರೆಲ್ಲ ಏಕದ್ವಾರವನ್ನು ಬೈಯುತ್ತಿತ್ತು. ನಾನೂ ಬೈದೆ. ಎಲ್ಲರಿಗಿಂತ ಒಂದು ಮಾತು ಹೆಚ್ಚಾಗಿಯೇ ಬೈದೆ. ಕೆಟ್ಟ ಯಂತ್ರ ಇರುವ ಊರಲ್ಲಿ ಕೆಟ್ಟ ಕೆಲಸ ಮಾಡುವುದು ಎಷ್ಟು ಸಲೀಸು ಎಂದು ನನಗೆ ಆಗ ಗೊತ್ತಾಯಿತು.

ಪಾಟಿ ತುಂಬೆ ಬೇರೆ ಊರಿಗೆ ಹೊರಟಳು. ಅಲ್ಲಿ ಅವಳಿಗೆ ಗಣಿತದಲ್ಲಿ ಸೀಟು ಸಿಕ್ಕಿತ್ತು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, “ಅದು ತಾನಾಗೇ ಏನೂ ಮಾಡಲ್ಲ ಜತೆ. ಯಾರಾದ್ರೂ ಒತ್ತಿದ್ರೇ ಮಾಡೋದು,” ಅಂದಳು. ನಾನು ಅವಳ ಚೀಲ ಮೇಲಿಡುವುದರಲ್ಲಿ ತೊಡಗಿಕೊಂಡೆ.

ಶಾಸನಶಾಸ್ತ್ರ ವಿಭಾಗಕ್ಕೆ ಆ ವರ್ಷ ಬಂದಿದ್ದವನು ಕಂಬದ ತುಂಬೆ ಒಬ್ಬನೇ. ಅವನೂ ಹೋದ ಮೇಲೆ ವಿಭಾಗ ಮುಚ್ಚಿ, ಕೋಣೆಯಲ್ಲಿ ಏಕದ್ವಾರದ ಸರ್ವರ್ ಇಟ್ಟರು. ಅದಕ್ಕೆ ಎ.ಸಿ. ಬೇಕಿತ್ತು. ಮುಖ್ಯಸ್ಥರಾದ ಕಣಜ ಮೇಷ್ಟ್ರು ತಮ್ಮ ಕುರ್ಚಿಯನ್ನು ಕಾರಿಡಾರಿನಲ್ಲಿ ಹಾಕಿಕೊಂಡು ಕೂತರು. ಕಂಬದ ತುಂಬೆ ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಬಂದು ಅವರೆದುರು ನೆಲದ ಮೇಲೆ ಕೂರುತ್ತಿದ್ದ. ಹಾಜರಿ ಇಲ್ಲ, ಪರೀಕ್ಷೆ ಇಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಇದನ್ನು ನೋಡಿ ಬೇರೆ ಮೇಷ್ಟ್ರುಗಳೂ ಧೈರ್ಯ ಮಾಡಿದರು. ಸ್ವಲ್ಪ ದಿನಕ್ಕೆ ಕೋಣೆಗಳ ಒಳಗೆ ಸೀಟು ಸಿಕ್ಕವರು ಆಕಳಿಸುತ್ತಿದ್ದರು, ಕಾರಿಡಾರುಗಳಲ್ಲಿ ಸೀಟು ಸಿಗದವರು ಓದುತ್ತಿದ್ದರು. ನಾನು ದಿನಾ ಆ ಕಾರಿಡಾರು ತಪ್ಪಿಸಿ ಸುತ್ತುಬಳಸಿ ಹೋಗುತ್ತಿದ್ದೆ.

ಎರಡು ವರ್ಷಕ್ಕೆ ನಾನು ಎಂ.ಎಸ್ಸಿ. ಮುಗಿಸಿದೆ. ಚೆನ್ನಾಗಿಯೇ ಓದಿದೆ, ಅದರಲ್ಲಿ ಮೋಸವಿರಲಿಲ್ಲ. ಅದೇ ವರ್ಷ ಕಂಬದ ತುಂಬೆ ಊರಾಚೆಯ ಒಣಗಿದ ಕೆರೆಯ ದಂಡೆಯಲ್ಲಿ ಬಿದ್ದಿದ್ದ ಒಂದು ಕಲ್ಲನ್ನು ಪೂರ್ತಿ ಓದಿದ. ಮಾಳವ್ವೆ ಎಂಬ ಹೆಂಗಸು ಆ ಕೆರೆ ಕಟ್ಟಿಸಿದ ಸುದ್ದಿ ಅದರಲ್ಲಿತ್ತು. ಕಣಜ ಮೇಷ್ಟ್ರು ಅದನ್ನು ಬರೆಸಿ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆಗೆ ಕೊಟ್ಟರು. ಲೇಖಕರು: ತುಂಬೆ. ಓದಿದ ಕುಲಪತಿಗಳು ಖುಷಿಯಾಗಿ, ಹೊಸ ಹಾಸ್ಟೆಲಿಗೆ ಮಾಳವ್ವೆ ವಿದ್ಯಾರ್ಥಿನಿ ನಿಲಯ ಎಂದು ಹೆಸರಿಟ್ಟರು.

ಆ ಹೊತ್ತಿಗೆ ಏಕದ್ವಾರಕ್ಕೆ ಸಿಬ್ಬಂದಿಯ ದಾಖಲೆಯನ್ನೂ ಸೇರಿಸಿದ್ದರು. ಒಂದು ಬೆಳಗ್ಗೆ ನನ್ನ ಮೇಜಿನ ಮೇಲೆ ಒಂದು ಲಕೋಟೆ. ಶಾಸನ ಸಂಶೋಧನೆಯಲ್ಲಿನ ನನ್ನ ಅಪೂರ್ವ ಸಾಧನೆಗಾಗಿ ನನಗೆ ಸಹಾಯಕ ಕ್ಯುರೇಟರ್ ಹುದ್ದೆಗೆ ಬಡ್ತಿ ಕೊಡಲಾಗಿದೆ. ಜೊತೆಗೆ ಪತ್ರಿಕೆಯ ಸಂಪಾದಕರು ಕಳಿಸಿದ ಒಂದು ಕಾಗದ: ಯಾರೋ ದೂರದ ವಿದ್ವಾಂಸರು ನನ್ನ ಓದನ್ನು ಪ್ರಶ್ನಿಸಿದ್ದಾರೆ, ದಯವಿಟ್ಟು ಉತ್ತರಿಸಿ.

ಸೀಟು ತೆಗೆದುಕೊಂಡಾಗ ಊಟ ಸೇರಿತ್ತು. ಇದನ್ನು ನೋಡಿದ ಮೇಲೆ ಸೇರಲಿಲ್ಲ. ಎರಡೂ ಕಾಗದ ಹಿಡಿದುಕೊಂಡು ಕುಲಪತಿಗಳ ಹತ್ತಿರ ಹೋದೆ. ಬಟನ್ ಒತ್ತಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ನೋಡಿ ತುಂಬೆ, ದಾಖಲೆಯಲ್ಲಿ ತುಂಬೆ ಅರ್ಜಿ ಹಾಕಿದ್ದಾರೆ, ತುಂಬೆ ಓದಿದ್ದಾರೆ, ತುಂಬೆ ಬರೆದಿದ್ದಾರೆ, ತುಂಬೆಗೆ ಬಡ್ತಿ ಸಿಕ್ಕಿದೆ. ಇದರಲ್ಲಿ ಅನ್ಯಾಯ ಯಾರಿಗೆ ಆಯ್ತು?” ಅಂದರು. ಕಾಫಿಯನ್ನೂ ತರಿಸಿಕೊಟ್ಟರು.

ಕಂಬದ ತುಂಬೆ ಮಾರ್ಕೆಟ್ಟಿನ ಹಿಂದೆ ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದ. ನಾನು ಕಾಗದಗಳನ್ನು ಅವನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದ. ಮೊದಲನೆಯದಕ್ಕೆ ನಕ್ಕ. “ಬಿಡು, ಸಾಫ್ಟ್‌ವೇರಿನ ಹಣೆಬರಹ,” ಅಂದ.

“ಸಾಫ್ಟ್‌ವೇರ್ ಅಲ್ಲ ಜತೆ. ಅವತ್ತು ಸೀಟು ಬದಲಾಯಿಸಿದ್ದು ನಾನು.”

ಅವನು ಕಾಗದ ಮಡಿಸಿದ. “ಶಿಶುವಿಹಾರದಲ್ಲಿ ಮಾತಾಡಿದ ಮೇಲಾ, ಮೊದಲಾ?”

“ಆದ ಮೇಲೆ. ಹದಿಮೂರು ದಿನಕ್ಕೆ.”

“ನಾನು ಕೇಳಿದ್ದೆ ನಿನ್ನ. ಬೇಕು ಅಂದ್ರೆ ಹೇಳು ಅಂದಿದ್ದೆ. ಹೇಳಿದ್ರೆ ಕೊಟ್ಟುಬಿಡ್ತಿದ್ದೆ.” ಮಡಿಸಿದ ಕಾಗದವನ್ನು ಇನ್ನೊಂದು ಸಲ ಮಡಿಸಿದ. “ಎರಡು ವರ್ಷ ಮನೇಲಿ ನನ್ನ ಹೆಂಡತಿ ಕೇಳಿದಾಗಲೆಲ್ಲ ಯಂತ್ರ ಕೆಟ್ಟಿತ್ತು ಅಂತಿದ್ದೆ.”

ಅವನು ಎರಡನೇ ಕಾಗದ ಬಿಚ್ಚಿ ಇನ್ನೊಂದು ಸಲ ಓದಿದ. “ಈ ವಿದ್ವಾಂಸರು ಹೇಳೋದು ಸರಿ. ಆರನೇ ಸಾಲು ನಾನು ತಪ್ಪು ಓದಿದ್ದೀನಿ. ಅಚ್ಚಾದ ಮೇಲೆ ಹೋಗಿ ನೋಡಿದೆ, ಚಕ್ಕೆ ಎದ್ದಿದೆ ಅಲ್ಲಿ. ಲೇಖನ ಈಗ ನಿಂದು ಅಂತ ವಿಶ್ವವಿದ್ಯಾಲಯವೇ ಹೇಳಿದೆಯಲ್ಲ. ಉತ್ತರ ನೀನೇ ಬರಿ.”

“ನನಗೆ ಆ ಅಕ್ಷರ ಒಂದೂ ಬರಲ್ಲ.”

“ಕಲಿ,” ಅಂದು ಏಣಿ ಹತ್ತಿದ.

ಎಂಟು ಭಾನುವಾರ ಕಾರಿಡಾರಿನಲ್ಲಿ ಕಣಜ ಮೇಷ್ಟ್ರ ಎದುರು ನೆಲದ ಮೇಲೆ ಕೂತೆ. ಕಂಬದ ತುಂಬೆ ಪಕ್ಕದಲ್ಲೇ ಇರುತ್ತಿದ್ದ; ಅಕ್ಷರ ತಿದ್ದುವುದು ಬಿಟ್ಟರೆ ಒಂದು ಮಾತೂ ಆಡುತ್ತಿರಲಿಲ್ಲ, ಜತೆ ಅನ್ನುತ್ತಲೂ ಇರಲಿಲ್ಲ. ಒಂಬತ್ತನೇ ಭಾನುವಾರ ಕೆರೆ ದಂಡೆಗೆ ಬಾ ಅಂದ. ಕಲ್ಲು ಓರೆಯಾಗಿ ಬಿದ್ದಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿ, ನಾನು ಒಂದೊಂದೇ ಅಕ್ಷರ ಬೆರಳಿನಿಂದ ತಡವುತ್ತ ಆರನೇ ಸಾಲಿಗೆ ಬಂದೆ.

“ಏನಿದೆ?” ಅಂದ.

“ಮಾಳವ್ವೆ ಕೆರೆಯಂ ಕಟ್ಟಿಸಿದಳ್.”

“ಅದು ಪತ್ರಿಕೆಯಲ್ಲಿರೋದು. ಕಲ್ಲಲ್ಲಿ ಏನಿದೆ?”

ಮತ್ತೆ ಉಜ್ಜಿದೆ. ಬಿಸಿಲು ಅಡ್ಡವಾಗಿ ಬೀಳುತ್ತಿತ್ತು. ಕೊನೆಯ ಪದದ ಮೊದಲೆರಡು ಅಕ್ಷರದ ಹತ್ತಿರ ಬೆರಳು ಹಿಂದೆ ಮುಂದೆ ಆಡಿಸಿದೆ. ಮೊದಲನೆಯದಕ್ಕೆ ಸವೆದ ಒಂದು ಎತ್ವವಿತ್ತು; ಎರಡನೆಯದು ಬೇರೆಯೇ ಅಕ್ಷರ, ಅದರ ಒತ್ತಕ್ಷರ ಅಂದುಕೊಂಡಿದ್ದು ಬರೀ ಚಕ್ಕೆ. ನನಗೆ ಕಾಣಿಸಿತು.

“ಓದು.”

“ಕೆಡಿಸಿದಳ್,” ಅಂದೆ.

“ಕೇಳಿಸಲಿಲ್ಲ.”

ಆ ಖಾಲಿ ಕೆರೆಯ ದಂಡೆಯ ಮೇಲೆ, ದೂರದಲ್ಲಿ ದನ ಮೇಯಿಸುತ್ತಿದ್ದವರೂ ತಿರುಗಿ ನೋಡುವ ಹಾಗೆ, ನಾನು ಅದನ್ನು ಗಟ್ಟಿಯಾಗಿ ಓದಿದೆ.